ಬೋರಿ ದಂಡೆಯ ಬಾಡಿಗೆ ದೊರೆ

ಇಂಗ್ಲೆಂಡಿನಲ್ಲೇ ಉಳಿದಿದ್ದರೆ ಫಿಲಿಪ್ ಮೆಡೋಸ್ ಟೇಲರ್ ಲಿವರ್‌ಪೂಲಿನ ಯಾವುದೋ ವರ್ತಕನ ಕಚೇರಿಯಲ್ಲಿ ಲೆಕ್ಕದ ಪುಸ್ತಕ ಬರೆಯುತ್ತ ಮುದುಕನಾಗುತ್ತಿದ್ದ. ತಾಯಿಯ ಕಡೆಯಿಂದ ಅವನದು ದೊಡ್ಡ ಮನೆತನವೇ. ನಾರ್ಥಂಬರ್ಲೆಂಡಿನ ಮಿಟ್‌ಫರ್ಡ್ ಕೋಟೆಯ ಮಿಟ್‌ಫರ್ಡರು ಅವಳ ತವರಿನವರು. ಆದರೆ ತಾಯಿಯ ತವರಿನ ಕೋಟೆಯಿಂದ ಮಗನ ಹೊಟ್ಟೆ ತುಂಬೀತೇ? ತಂದೆಯ ವ್ಯಾಪಾರ ಮುಗ್ಗರಿಸಿತ್ತು. 1808ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಹುಡುಗ 1824ರಲ್ಲಿ, ಹದಿನಾರು ತುಂಬುವ ಮೊದಲೇ, ಮುಂಬಯಿಯಲ್ಲಿ ಹಡಗಿನಿಂದ ಇಳಿದ. ಬ್ಯಾಕ್ಸ್‌ಟರ್ ಎಂಬ ವ್ಯಾಪಾರಿ ಮುಂದೆ ಅವನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುತ್ತಾನೆ ಎಂದು ಮನೆಯವರು ನಂಬಿದ್ದರು. ಬಂದು ನೋಡಿದರೆ ಅದು ಸಾಲದಲ್ಲಿ ಮುಳುಗುತ್ತಿದ್ದ ಅಂಗಡಿ. ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಒಬ್ಬ ನೆಂಟನ ಶಿಫಾರಸು ನಡೆದು ನಿಜಾಮನ ಸೈನ್ಯದಲ್ಲಿ ನೌಕರಿ ಸಿಕ್ಕಿತು. ಆಮೇಲೆ, ನಡುವೆ ಒಂದು ದೀರ್ಘ ರಜೆ ಬಿಟ್ಟರೆ, 1860ರ ತನಕ ಅವನು ದಖ್ಖನ್ನಿನವನು.

ಕನ್ನಡಿಗರಿಗೆ ಟೇಲರ್ ಎಂದರೆ ಸುರಪುರ. ಅಲ್ಲಿಯ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರು ಬಹಳ. ಆದರೆ ಸುರಪುರಕ್ಕೆ ಹೋಗುವ ಮೊದಲೂ ಅಲ್ಲಿಂದ ಬಂದ ಮೇಲೂ ಅವನು ಓಡಾಡಿದ ನೆಲ ಇತ್ತ ಸೊಲ್ಲಾಪುರದ ಪೂರ್ವಕ್ಕಿದೆ: ತುಳಜಾಪುರ, ನಳದುರ್ಗ, ಬೋರಿ ನದಿಯ ಕಣಿವೆ, ಅಕ್ಕಲಕೋಟದ ಗಡಿ. ಆ ಭಾಗ ನೋಡಬೇಕೆಂಬ ಆಸೆ ಬಹುಕಾಲದ್ದು. ಮಳೆಗಾಲ ಇನ್ನೂ ಪೂರ್ತಿ ಹಿಂದೆ ಸರಿಯದ ದಿನಗಳಲ್ಲಿ ಹೊರಟೆ.

ಸೊಲ್ಲಾಪುರ ಕನ್ನಡಿಗನಿಗೆ ಪರವೂರು ಎನಿಸುವುದಿಲ್ಲ. ಎಸ್‌.ಟಿ. ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಮರಾಠಿ ಕಿವಿಗೆ ಬೀಳುತ್ತದೆ, ನೇಕಾರರ ಓಣಿಗಳತ್ತ ಹೋದರೆ ತೆಲುಗು, ಕಿರಾಣಿ ಅಂಗಡಿಯ ಮುಂದೆ ಒಂದು ಗಳಿಗೆ ನಿಂತರೆ ನಮ್ಮ ಕನ್ನಡ. ಸಿದ್ಧರಾಮನ ಸೊನ್ನಲಿಗೆ ಇದು. ಕೆರೆಯ ನಡುವಿನ ಸಿದ್ಧೇಶ್ವರ ಗುಡಿಯಲ್ಲಿ ಸಂಕ್ರಾಂತಿಗೆ ನಂದಿಧ್ವಜಗಳು ಎದ್ದು ನಿಲ್ಲುವ ಗಡ್ಡಾ ಯಾತ್ರೆಗೆ ಇವತ್ತಿಗೂ ಕಲಬುರ್ಗಿ, ವಿಜಯಪುರದ ಕಡೆಯಿಂದ ಜನ ಬರುತ್ತಾರೆ. ಬೇಂದ್ರೆಯವರು ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ, ಆ ಪೀಠವೇರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಈ ಊರಿನ ಮಗಳು. ಬೆಳಿಗ್ಗೆ ಖಾನಾವಳಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದ ತಾಯಿ ನನ್ನ ಮಾತಿನ ಧಾಟಿ ಕೇಳಿ, “ಯಾವ ಕಡೆಯವ್ರೋ ಯಪ್ಪಾ? ಇನ್ನೊಂದ್ ರೊಟ್ಟಿ ಹಾಕ್ಲೇನು?” ಎಂದು ಕೇಳುತ್ತಲೇ ಹಾಕಿಬಿಟ್ಟರು. ಬೇಡವೆನ್ನಲು ಅವಕಾಶವಿರಲಿಲ್ಲ.

ಊರ ನಡುವಿನ ನೆಲಕೋಟೆಯನ್ನು ಒಂದು ಸುತ್ತು ಹಾಕಿದೆ. ಬಹಮನಿಗಳು, ನಿಜಾಮಶಾಹಿ, ಆದಿಲಶಾಹಿ ಎಲ್ಲರೂ ಕಚ್ಚಾಡಿದ ಕೋಟೆ ಇದು. ಚಾಂದಬೀಬಿಯ ಮದುವೆಯಲ್ಲಿ ಇದೇ ಬಳುವಳಿಯಾಗಿ ವಿಜಾಪುರಕ್ಕೆ ಹೋಯಿತು. 1818ರ ಮೇ ತಿಂಗಳಲ್ಲಿ ಧಾರವಾಡದ ಕಡೆಯಿಂದ ಬಂದ ಥಾಮಸ್ ಮನ್ರೋ ಪೇಶ್ವೆಯ ಪಡೆಯಿಂದ ಇದನ್ನು ಕಿತ್ತುಕೊಂಡ. ಅಲ್ಲಿಂದ ಸೊಲ್ಲಾಪುರ ಕಂಪನಿಯದಾಯಿತು. ಟೇಲರನ ಬದುಕು ತಿಳಿಯಬೇಕಾದರೆ ಆ ಕಾಲದ ಇಲ್ಲಿಯ ನಕಾಶೆ ಕಣ್ಣ ಮುಂದೆ ಇರಬೇಕು. ಸೊಲ್ಲಾಪುರ ಕಂಪನಿಯದು, ಹತ್ತು ಹರದಾರಿ ಪೂರ್ವಕ್ಕೆ ಹೋದರೆ ನಳದುರ್ಗ ನಿಜಾಮನದು, ತೆಂಕಣಕ್ಕೆ ಇಳಿದರೆ ಅಕ್ಕಲಕೋಟ ಭೋಸಲೆಯವರದು, ಭೀಮೆ ದಾಟಿ ಕೃಷ್ಣೆಯ ಕಡೆ ನಡೆದರೆ ಸುರಪುರ ಬೇಡ ನಾಯಕರದು. ಕುದುರೆಯ ಮೇಲೆ ಕೆಲವೇ ದಿನಗಳ ಹಾದಿಯಲ್ಲಿ ನಾಲ್ಕು ದೊರೆತನ. ಇಂಥ ಕಡೆ ನಾಲ್ಕು ಭಾಷೆ ಕಲಿತ, ಲೆಕ್ಕ ಗೊತ್ತಿದ್ದ, ಜನರ ಜೊತೆ ಕೂತು ಮಾತಾಡುವ ತಾಳ್ಮೆ ಇದ್ದ ಒಬ್ಬ ಬಿಳಿಯನಿಗೆ ಏಳಿಗೆಗೆ ದಾರಿ ಇತ್ತು.

ಆದರೂ ಅವನು ಪೂರಾ ದೊರೆಗಳ ಸಾಲಿನವನಲ್ಲ. ಕಂಪನಿಯ ಸನದು ಪಡೆದ ಸಿವಿಲಿಯನ್ನರು ತಮ್ಮದೇ ಜಾತಿ ಮಾಡಿಕೊಂಡಿದ್ದರು. ಟೇಲರ್ ನಿಜಾಮನ ಸಂಬಳದ ಸೈನಿಕ. ಕೆಲಸ ಅವರಷ್ಟೇ ಮಾಡಿದರೂ ಮಾನ ಅವರಷ್ಟಿಲ್ಲ, ಸಂಬಳ ಅವರಷ್ಟಿಲ್ಲ ಎಂಬ ಗೊಣಗಾಟ ಅವನ ಆತ್ಮಕಥೆಯಲ್ಲಿ ಅಲ್ಲಲ್ಲಿ ಕೇಳುತ್ತದೆ. ಮದುವೆಯಾದದ್ದು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು. ಆ ಪಾಮರನ ತಂದೆ ಕಂಪನಿಯ ಜನರಲ್, ತಾಯಿ ಫೈಜ್ ಬಕ್ಷ್ ಎಂಬ ಮುಸಲ್ಮಾನ ಬೇಗಂ. ಲಂಡನ್ನಿನ ಲೆಕ್ಕದಲ್ಲಿ ಇಂಥ ನೆಂಟಸ್ತಿಕೆಯಿಂದ ಮೇಲೇರುವುದಿಲ್ಲ. ದಖ್ಖನ್ನಿನ ಲೆಕ್ಕ ಬೇರೆ.

ಹೈದರಾಬಾದ್ ಹೆದ್ದಾರಿಯಲ್ಲಿ ಬಸ್ಸು ಹೊರಟರೆ ನಳದುರ್ಗ ತಾಸಿನ ದಾರಿ, ಸುಮಾರು 45 ಕಿಲೋಮೀಟರ್. ತೊಗರಿ, ಸೋಯಾ, ಅಲ್ಲಲ್ಲಿ ದ್ರಾಕ್ಷಿ ತೋಟ. ಎರೆಮಣ್ಣು ಮಳೆಗೆ ಹಿಗ್ಗಿ ಕೂತಿತ್ತು. ಪಕ್ಕದಲ್ಲಿ ಕೂತಿದ್ದ, ತಲೆಗೆ ಟೋಪಿ ಇಟ್ಟ ಹಿರಿಯರೊಬ್ಬರು ನಾನು ಕೋಟೆ ನೋಡಲು ಹೊರಟಿದ್ದೇನೆ ಎಂದು ತಿಳಿದು, “ನೀರ್ ಬೀಳಾಕ್ ಹತ್ತೇದ ನೋಡ್ರಿ, ಛಲೋ ಟೈಮಿಗೆ ಬಂದೀರಿ” ಅಂದರು. ಟೇಲರನ ಹೆಸರು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಯಾಕೆ ಗೊತ್ತಿರಬೇಕು? ಆದರೆ ಒಂದು ಕಾಲದಲ್ಲಿ ಈ ಭಾಗದಲ್ಲಿ ಅವನ ಮೇಲೆ ಹಾಡು ಕಟ್ಟಿ ಹಾಡುತ್ತಿದ್ದರು.

ಆ ಹಾಡಿನ ಹಿನ್ನೆಲೆ ಸ್ವಾರಸ್ಯವಾಗಿದೆ. ಟೇಲರಿಗೆ ಆಗ ಇಪ್ಪತ್ತರ ಆಸುಪಾಸು. ಈ ಭಾಗದ ಪೊಲೀಸು ವ್ಯವಸ್ಥೆ ನೋಡಿಕೊಳ್ಳಲು ಸಹಾಯಕನಾಗಿ ಬಂದಿದ್ದ. ಹದಿನೆಂಟು ಹತ್ತೊಂಬತ್ತರ ಹುಡುಗನ ಕೈಗೆ ಜಿಲ್ಲೆಯಷ್ಟು ನೆಲ ಕೊಟ್ಟು ಕಳಿಸುವ ಕಾಲ ಅದು. ತುಳಜಾಪುರದಲ್ಲಿ ಭವಾನಿಯ ಜಾತ್ರೆಯ ಜನ ಅವನ ಡೇರೆಗೆ ಬಂದು ದೂರು ಕೊಟ್ಟರು: ಬಜಾರದ ಹಿಟ್ಟಿನಲ್ಲಿ ಮರಳು ಬೆರೆಸಿದ್ದಾರೆ, ರೊಟ್ಟಿ ಹಲ್ಲಿಗೆ ಕರಕರ ಅನ್ನುತ್ತದೆ. ಟೇಲರ್ ವ್ಯಾಪಾರಿಗಳನ್ನು ಹಿಟ್ಟಿನ ಸಮೇತ ಕರೆಸಿದ. ಅವರವರ ಹಿಟ್ಟನ್ನು ಅವರವರ ಮುಂದೆ ತೂಗಿ ಇಟ್ಟು, ತಿನ್ನಿರಿ ಅಂದ. ಜನ ಸುತ್ತ ನಿಂತು ನಗುತ್ತಿದ್ದರು. ವ್ಯಾಪಾರಿಗಳು ತಿನ್ನಲಾರದೆ ಕೈಮುಗಿದರು. ದಂಡ ಇಲ್ಲ, ಸೆರೆಮನೆ ಇಲ್ಲ, ಕಾಗದ ಪತ್ರ ಇಲ್ಲ. ತುಳಜಾಪುರದ ವ್ಯಾಪಾರಿಗಳಿಗೆ ಟೇಲರ್ ಸಾಹೇಬ ಮರಳಿನ ಹಿಟ್ಟು ತಿನ್ನಿಸಿದ ಕಥೆ ಲಾವಣಿಯಾಗಿ ದೇಶವೆಲ್ಲ ಹಬ್ಬಿತು ಎಂದು ಅವನೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಹೇಳಿದವನು ಅವನೇ ಆದ್ದರಿಂದ ಒಂದು ಚಿಟಿಕೆ ಕಡಿಮೆ ನಂಬೋಣ. ಆದರೂ ಇದರಲ್ಲಿ ಆಳುವವನ ಒಂದು ಗುಟ್ಟು ಇದೆ. ಕಾನೂನಿನ ಪುಸ್ತಕದಲ್ಲಿ ಇಲ್ಲದ, ಆದರೆ ಕಟ್ಟೆಯ ಮೇಲೆ ಕೂತ ಎಲ್ಲರಿಗೂ ಸರಿ ಎನಿಸುವ ನ್ಯಾಯ ಅದು. ನಮ್ಮ ಊರ ಗೌಡರು ಮಾಡುತ್ತಿದ್ದದ್ದೂ ಅದೇ. ಹುಡುಗ ಅಲ್ಲಿ ಗೌಡಕಿ ಕಲಿತ.

ಅದೇ ಓಡಾಟದಲ್ಲಿ ದಾರಿಬದಿ ಹೂತು ಹಾಕಿದ, ಗುರುತು ಹತ್ತದ ಹೆಣಗಳ ಸುದ್ದಿ ಅವನ ಕಿವಿಗೆ ಬೀಳುತ್ತಿತ್ತು. ಜಾಡು ಹಿಡಿದು ಹೊರಡುವಷ್ಟರಲ್ಲಿ ಪಲ್ಟನ್ನಿಗೆ ವಾಪಸು ಕರೆ ಬಂತು. ದಾರಿಹೋಕರನ್ನು ಕೊಂದು ಹೂಳುತ್ತಿದ್ದ ಠಗ್ಗರನ್ನು ಬಯಲಿಗೆಳೆದ ಕೀರ್ತಿ ಕಂಪನಿಯ ಅಧಿಕಾರಿ ಸ್ಲೀಮನ್ನನ ಪಾಲಾಯಿತು. ಟೇಲರ್ ಅದಕ್ಕಾಗಿ ಕೊನೆತನಕ ಕೊರಗಿದ. ಕೊರಗು ಹಾಳಾಗಲಿಲ್ಲ. 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕನ್ಫೆಷನ್ಸ್ ಆಫ್ ಎ ಠಗ್’ ಕಾದಂಬರಿಯ ಅಚ್ಚಿನ ಹಾಳೆಗಳನ್ನು, ಪುಸ್ತಕ ಹೊರಬರುವ ತನಕ ಕಾಯಲಾರದೆ, ವಿಕ್ಟೋರಿಯಾ ರಾಣಿ ತರಿಸಿಕೊಂಡು ಓದಿದಳು. ವರ್ತಕನ ಮಗನಿಗೆ ಲಂಡನ್ನಿನ ದಿವಾನಖಾನೆಗಳ ಬಾಗಿಲು ತೆರೆದದ್ದು ನಮ್ಮ ಕಡೆಯ ಕೊಲೆಗಡುಕರ ಕಥೆಯಿಂದ.

ನಳದುರ್ಗದಲ್ಲಿ ಇಳಿದರೆ ಊರು ಸಣ್ಣದು, ಕೋಟೆ ದೊಡ್ಡದು. ಕಪ್ಪುಕಲ್ಲಿನ ದಿಣ್ಣೆಯ ಮೇಲೆ ಗೋಡೆ ಬಾಗುತ್ತ ಬಳುಕುತ್ತ ಹೋಗಿದೆ. ಉಪಳೀ ಬುರುಜು ಹತ್ತಿ ನಿಂತರೆ ಸುತ್ತಲ ಬಯಲು ಅಂಗೈ ಗೆರೆಯಷ್ಟು ಸ್ಪಷ್ಟ. ಆದರೆ ಈ ಕೋಟೆಯ ಜೀವ ಗೋಡೆಯಲ್ಲಿಲ್ಲ, ನೀರಿನಲ್ಲಿದೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರ ಸುಮಾರಿಗೆ, ಬೋರಿ ನದಿಗೆ ಅಡ್ಡಲಾಗಿ ಕೋಟೆಯ ಎರಡು ಭಾಗಗಳನ್ನು ಕೂಡಿಸುವ ಹಾಗೆ ಕಲ್ಲಿನ ಕಟ್ಟೆ ಕಟ್ಟಿದರು. ಕಟ್ಟೆಯ ಹೊಟ್ಟೆಯೊಳಗೆ ಕೋಣೆಗಳಿವೆ. ಅದೇ ಪಾನಿ ಮಹಲ್. ಮೆಟ್ಟಿಲಿಳಿದು ಒಳಹೋಗಿ ಕಿಂಡಿಯ ಹತ್ತಿರ ಕೂತರೆ ತಲೆಯ ಮೇಲಿಂದ ಹರಿದ ನೀರು ಕಣ್ಣ ಮುಂದೆ ಪರದೆಯಾಗಿ ಬೀಳುತ್ತದೆ, ಮೈಗೆ ಒಂದು ಹನಿ ತಾಕುವುದಿಲ್ಲ. ಹೊರಗೆ ನೀರು ಎರಡು ಕವಲಾಗಿ ಧುಮುಕುತ್ತದೆ. ಜನ ಅದಕ್ಕೆ ನರ–ಮಾದಿ ಅನ್ನುತ್ತಾರೆ. ನಾನು ಹೋದ ದಿನ ಎರಡೂ ಕವಲು ಕೆಂಪಗೆ ಭೋರ್ಗರೆಯುತ್ತಿದ್ದವು. ಕಾಲೇಜು ಹುಡುಗರ ದಂಡು, ಹೊಸದಾಗಿ ಮದುವೆಯಾದವರು, ಬುತ್ತಿ ಕಟ್ಟಿಕೊಂಡು ಬಂದ ಮನೆಮಂದಿ, ಮೆಕ್ಕೆಜೋಳ ಸುಡುವವಳು, ಎಲ್ಲರ ಕೈಯಲ್ಲೂ ಮೊಬೈಲು. ಸಂಗೀತಕ್ಕಾಗಿ ಪ್ರಾಣ ಬಿಡುತ್ತಿದ್ದ ಇಬ್ರಾಹಿಮನಿಗೆ ಈ ನೀರಿನ ಸದ್ದು ಕೇಳಲು ಎಷ್ಟು ಸಲ ಬಿಡುವು ಸಿಕ್ಕಿತ್ತೋ.

ಈ ಕೋಟೆಯೊಳಗೆ 1853ರಲ್ಲಿ ಟೇಲರ್ ಬಿಡಾರ ಹೂಡಿದ. ಆ ವರ್ಷ ನಿಜಾಮ ಕಂಪನಿಯ ಸಾಲ ತೀರಿಸಲಾರದೆ ಬೇರಾರ, ರಾಯಚೂರು ದೋಆಬ, ಪಶ್ಚಿಮದ ಈ ಧಾರಾಶಿವ–ನಳದುರ್ಗ ಭಾಗಗಳನ್ನು ಕಂಪನಿಯ ವಶಕ್ಕೆ ಬಿಟ್ಟುಕೊಟ್ಟಿದ್ದ. ಸುರಪುರದಿಂದ ಬಂದ ಟೇಲರ್ ನಳದುರ್ಗದ ಡೆಪ್ಯುಟಿ ಕಮಿಷನರ್ ಆದ. ಆಮೇಲೆ ತಂಪು ಗಾಳಿಗೆಂದು ತುಳಜಾಪುರದ ಘಟ್ಟದ ಮೇಲೆಯೂ ಮನೆ ಮಾಡಿಕೊಂಡ. ಇಲ್ಲಿ ಅವನು ಮಾಡಿದ ಕೆಲಸ ಸಣ್ಣದಲ್ಲ. ಹೊಲ ಅಳೆಸಿದ, ಕಂದಾಯ ನಿಗದಿ ಮಾಡಿದ, ರಸ್ತೆ ಹಾಕಿಸಿದ, ಬದಿಗೆ ಗಿಡ ನೆಡಿಸಿದ, ಕೆರೆಗಳ ಅಂದಾಜು ಬರೆದ. ಸರ್ವೇ ಕೆಲಸ ಯಾರೂ ಕಲಿಸಿದ್ದಲ್ಲ, ತಾನೇ ಕಲಿತದ್ದು. ರಾತ್ರಿ ಕೂತು ಚಿತ್ರ ಬರೆಯುತ್ತಿದ್ದ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ 1840ರಿಂದ ಹದಿಮೂರು ವರ್ಷ ಇಂಡಿಯಾದ ಸುದ್ದಿ ಬರೆದು ಕಳಿಸಿದ್ದವನೂ ಇವನೇ. ಹೆಂಡತಿ 1844ರಲ್ಲೇ ತೀರಿಕೊಂಡಿದ್ದಳು. ಹೆಣ್ಣುಮಕ್ಕಳಿಬ್ಬರು ಕಡಲಾಚೆ ಬೆಳೆಯುತ್ತಿದ್ದರು. ಮರುಮದುವೆ ಆಗಲಿಲ್ಲ. ಇಷ್ಟು ದೊಡ್ಡ ಕೋಟೆ, ಇಷ್ಟು ಆಳು, ಇಷ್ಟು ಕುದುರೆ, ಊಟಕ್ಕೆ ಕೂತರೆ ಎದುರಿಗೆ ತನ್ನವರು ಒಬ್ಬರಿಲ್ಲ. ಹೊರನಾಡಿನಲ್ಲಿ ದೌಲತ್ತು ಮಾಡಿದ ಇಂಗ್ಲಿಷರ ಬದುಕು ಹೆಚ್ಚಾಗಿ ಹೀಗೇ ಇತ್ತು. ನಮ್ಮವರು ಕಂಡದ್ದು ಪಾಲಕಿ, ಚಾಮರ. ಪಾಲಕಿಯೊಳಗೆ ಜ್ವರ ಹಿಡಿದು ಮಲಗಿದವನನ್ನು ಕಂಡವರು ಕಡಿಮೆ.

ಇಷ್ಟು ಹೇಳಿದ್ದು ಅವನ ಮೇಲೆ ಮರುಕ ಹುಟ್ಟಿಸಲಿಕ್ಕಲ್ಲ. ಪಾನಿ ಮಹಲಿನ ಕಿಂಡಿಯಲ್ಲಿ ಕೂತಾಗ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಬೇರೆ. ಟೇಲರ್ ಇಲ್ಲಿ ದೊರೆಯಾಗಿ ಬಾಳಿದ ಅನ್ನುವುದು ನಿಜ, ಆದರೆ ಆ ದೊರೆತನ ಅವನದಲ್ಲ, ಬಾಡಿಗೆಗೆ ಸಿಕ್ಕದ್ದು. ಬಾಡಿಗೆಯನ್ನು ಬೇರೆ ಯಾರೋ ಕಟ್ಟಿದರು. ಆ ಲೆಕ್ಕ ಸುರಪುರದಲ್ಲಿದೆ.

1840ರ ದಶಕದ ಮೊದಲಲ್ಲಿ ಸುರಪುರದ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಹಾಲುಗಲ್ಲದ ಹುಡುಗ. ತಾಯಿ ಈಶ್ವರಮ್ಮನಿಗೂ ಚಿಕ್ಕಪ್ಪ ಪಿಡ್ಡ ನಾಯಕನಿಗೂ ಆಗಿಬರುತ್ತಿರಲಿಲ್ಲ. ಹೈದರಾಬಾದಿನ ರೆಸಿಡೆಂಟ್ ಟೇಲರನನ್ನು ಕಳಿಸಿದ. ಬೇಡರ ಬಂದೂಕುಗಳ ನಡುವೆ ಹೆಚ್ಚು ರಕ್ತ ಚೆಲ್ಲದೆ ಟೇಲರ್ ಅಲ್ಲಿ ತಳವೂರಿದ. ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1853ರಲ್ಲಿ ಪ್ರಾಯಕ್ಕೆ ಬಂದ ರಾಜನ ಕೈಗೆ ಸಂಸ್ಥಾನ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಬಂದ. ಆ ದಶಕದಲ್ಲಿ ಅವನು ಬರಿಯ ಆಡಳಿತ ಮಾಡಲಿಲ್ಲ. ರಾಜನಕೋಳೂರು, ಜೇವರ್ಗಿ ಕಡೆಯ ಬೃಹತ್ ಶಿಲಾಗೋರಿಗಳನ್ನು ಅಗೆಸಿ, ಅಳತೆ ತೆಗೆದು, ಚಿತ್ರ ಬರೆದು, ಅವುಗಳ ಮೇಲೆ ಲೇಖನ ಪ್ರಕಟಿಸಿದ. ದಖ್ಖನ್ನಿನ ಪ್ರಾಕ್ತನ ಶೋಧದ ಮೊದಲ ಪುಟಗಳು ಅವು. ಅಷ್ಟರ ಮಟ್ಟಿಗೆ ನಾವು ಅವನಿಗೆ ಋಣಿಗಳೇ.

1857ರ ಗಲಾಟೆ ಎದ್ದಾಗ ನಳದುರ್ಗದಲ್ಲಿದ್ದ ಟೇಲರನನ್ನು ರೆಸಿಡೆಂಟ್ ಡೇವಿಡ್ಸನ್ ಬೇರಾರಕ್ಕೆ ಹೋಗೆಂದ. ಕೊಡಲಿಕ್ಕೆ ಒಬ್ಬ ಸಿಪಾಯಿಯೂ ಇಲ್ಲ, ಹೇಗಾದರೂ ಹಿಡಿದು ನಿಲ್ಲು ಅಂದ. ನಳದುರ್ಗ ಬಿಟ್ಟು ಹೊರಟ ದಿನ ಜನ ಪಾಲಕಿಯ ಹಿಂದೆ ಅಳುತ್ತ ಬಂದರು ಎಂದು ಟೇಲರ್ ಬರೆಯುತ್ತಾನೆ. ಇರಬಹುದು. ಒಳ್ಳೆಯ ಅಧಿಕಾರಿ ವರ್ಗವಾಗಿ ಹೋದರೆ ನಮ್ಮ ಜನ ಈಗಲೂ ಅಳುತ್ತಾರೆ. ಬೇರಾರದಲ್ಲಿ ಅವನು ಸೈನ್ಯವಿಲ್ಲದೆ ಶಾಂತಿ ಕಾಪಾಡಿದ. ಇತ್ತ 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ಕಂಪನಿಯ ಮೇಲೆ ಬಿದ್ದ. ಕ್ಯಾಪ್ಟನ್ ನ್ಯೂಬರಿ ಸತ್ತ, ಸುರಪುರ ಬಿತ್ತು, ರಾಜ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ಟೇಲರ್ ಹೋಗಿ ಸೆರೆಮನೆಯಲ್ಲಿ ಅವನನ್ನು ಕಂಡ. ಯಾರು ಯಾರು ನಿನ್ನನ್ನು ಎತ್ತಿಕಟ್ಟಿದರು, ಹೇಳು ಎಂದು ಒತ್ತಾಯಿಸಿದ. ರಾಜ ಯಾರನ್ನೂ ಹಿಡಿದುಕೊಡಲಿಲ್ಲ. ನಾಯಿಯಂತೆ ನೇಣು ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ, ಅದು ಬೇಡನಿಗೆ ತಕ್ಕ ಸಾವು ಎಂಬುದಷ್ಟೇ ಅವನ ಬೇಡಿಕೆ. ಮರಣದಂಡನೆ ಇಳಿದು ಇಳಿದು ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದಾಯಿತು. ದಾರಿಯಲ್ಲಿ ಒಂದು ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜ ತಾನೇ ಗುಂಡು ಹಾರಿಸಿಕೊಂಡ. ಟೇಲರ್ ಕೊಟ್ಟ ವರದಿ ಇದು. ಇದನ್ನು ಅವನು ಒಂದು ಜಾತಕದ ಕಥೆಯ ಜೊತೆ ಹೆಣೆಯುತ್ತಾನೆ: ಇಪ್ಪತ್ನಾಲ್ಕರಲ್ಲಿ ರಾಜ್ಯವೂ ಪ್ರಾಣವೂ ಹೋಗುತ್ತದೆಂದು ಬ್ರಾಹ್ಮಣನೊಬ್ಬ ಮೊದಲೇ ಬರೆದಿಟ್ಟಿದ್ದನಂತೆ, ಟೇಲರಿಗೆ ವರ್ಷಗಳ ಹಿಂದೆಯೇ ತಿಳಿದಿತ್ತಂತೆ.

ಜಾತಕದ ಈ ಕಥೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಾದಂಬರಿಕಾರನಿಗೆ ಅದು ಚೆಂದ. ಗ್ರಹಗಳ ಮೇಲೆ ಹಾಕಿದರೆ ಕಂಪನಿಯ ಮೇಲೆ ಏನೂ ಉಳಿಯುವುದಿಲ್ಲ, ‘ಅಪ್ಪ’ನ ಮೇಲೂ ಉಳಿಯುವುದಿಲ್ಲ. ಟೇಲರ್ ಕಪಟಿ ಎಂದು ನಾನು ಹೇಳುತ್ತಿಲ್ಲ. ಆ ಹುಡುಗನ ಮೇಲೆ ಅವನಿಗಿದ್ದ ಮಮತೆ ಪುಸ್ತಕದ ಪುಟಪುಟದಲ್ಲೂ ಇದೆ. ಆದರೆ ಮಗ ಎಂದುಕೊಂಡವನನ್ನು ಬೆಳೆಸಿದ್ದು ಯಾರಿಗಾಗಿ? ಕಂಪನಿಗೆ ತಲೆಬಾಗುವ ಒಳ್ಳೆಯ ಜಹಗೀರದಾರನಾಗಲಿ ಎಂದು. ಹುಡುಗ ಬೇಡನಾಗಿಯೇ ಬೆಳೆದ.

ನಳದುರ್ಗದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆ ದಕ್ಷಿಣಕ್ಕೆ ಹನ್ನೂರಿನ ಮೇಲೆ ಹಾಯ್ದು ಹೋಗುತ್ತದೆ, ಸುಮಾರು 40 ಕಿಲೋಮೀಟರ್. ಬೋರಿ ನದಿಯೂ ಅದೇ ದಿಕ್ಕು ಹಿಡಿಯುತ್ತದೆ. ನಳದುರ್ಗದಲ್ಲಿ ಧುಮುಕಿದ ನೀರು ಕುರ್ನೂರಿನ ಅಣೆಕಟ್ಟಿನಲ್ಲಿ ನಿಂತು ಅಕ್ಕಲಕೋಟದ ಹೊಲಗಳಿಗೆ ಸಿಕ್ಕಿ, ಉಳಿದದ್ದು ಭೀಮೆಗೆ ಸೇರುತ್ತದೆ. ದಕ್ಷಿಣಕ್ಕೆ ಹೋದಂತೆ ಮರಾಠಿ ತೆಳುವಾಗಿ ಕನ್ನಡ ದಟ್ಟವಾಗುತ್ತದೆ. ದುಧನಿ, ಮೈಂದರ್ಗಿ, ನಾಗಣಸೂರು, ತೋಳನೂರು, ಹೆಸರು ಕೇಳಿದರೇ ಗೊತ್ತಾಗುತ್ತದೆ ಯಾರ ಊರೆಂದು. 1967ರ ಮಹಾಜನ ವರದಿ ಅಕ್ಕಲಕೋಟ ಕರ್ನಾಟಕಕ್ಕೆ ಸೇರಬೇಕು ಅಂದಿತ್ತು. ಸೇರಲಿಲ್ಲ. ಕನ್ನಡ ಶಾಲೆಯ ಮಕ್ಕಳು ಬೆನ್ನಿಗೆ ಪಾಟಿಚೀಲ ಹಾಕಿಕೊಂಡು ಮಹಾರಾಷ್ಟ್ರದ ಬಸ್ಸಿಗೆ ಕೈ ಮಾಡುತ್ತಾರೆ.

ಅಕ್ಕಲಕೋಟದ ರಾಜಮನೆತನದ ಹುಟ್ಟು ಕೂಡ ಒಂದು ಪಾಲಕಿಯಿಂದ. ಔರಂಗಜೇಬ ಸತ್ತ ಮೇಲೆ ಸೆರೆಯಿಂದ ಬಿಡುಗಡೆಯಾಗಿ ಸಾತಾರಕ್ಕೆ ಮರಳುತ್ತಿದ್ದ ಶಾಹು ಮಹಾರಾಜನಿಗೆ ಪಾರದ ಎಂಬ ಊರಿನವರು ಎದುರು ನಿಂತು ಕಾದಿದರು. ಊರ ಪಾಟೀಲ ಸತ್ತ. ಅವನ ವಿಧವೆ ಬಂದು ಮಗುವನ್ನು ಶಾಹುವಿನ ಪಾಲಕಿಯಲ್ಲಿ ಮಲಗಿಸಿ ಅಭಯ ಬೇಡಿದಳು. ಲೋಖಂಡೆ ಮನೆತನದ ಆ ಮಗು ರಾಣೋಜಿ, ಫತೇಸಿಂಹ ಭೋಸಲೆಯಾಗಿ ಶಾಹುವಿನ ಮನೆಯಲ್ಲಿ ಬೆಳೆದು, ಅಕ್ಕಲಕೋಟವನ್ನು ಪಡೆಯಿತು. ಎಲ್ಲ ದೊರೆತನದ ಬುಡದಲ್ಲೂ ಯಾರದೋ ಕೊಡುಗೆ ಇರುತ್ತದೆ ಅನ್ನುವುದಾದರೆ ಟೇಲರ್ ಮತ್ತು ಈ ಭೋಸಲೆಯವರ ನಡುವೆ ಫರಕು ಏನು ಎಂದು ಕೇಳಬಹುದು. ಫರಕು ಇದೆ. ಫತೇಸಿಂಹನ ಮಕ್ಕಳು ಮೊಮ್ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದರು. 500 ಚದರ ಮೈಲಿಗೂ ಒಂದಿಷ್ಟು ಕಡಿಮೆಯ ಈ ಸಂಸ್ಥಾನ 1948ರಲ್ಲಿ ವಿಲೀನವಾಗುವ ತನಕ ಅವರದೇ ಆಗಿತ್ತು.

ಅರಮನೆಯ ಶಸ್ತ್ರಾಗಾರ ನೋಡಿದೆ. ಏಷ್ಯಾದಲ್ಲೇ ಇಂಥದ್ದಿಲ್ಲ ಅನ್ನುತ್ತಾರೆ ಊರವರು. ಅಳತೆ ಹಿಡಿದು ನೋಡಿದವನು ನಾನಲ್ಲ, ಆದರೆ ಗೋಡೆ ತುಂಬ ಕತ್ತಿ, ಕಠಾರಿ, ಬಂದೂಕು, ಬರ್ಚಿ ಕಂಡು ಕಣ್ಣು ದಣಿದದ್ದು ಹೌದು. ಜೊತೆಗಿದ್ದ ಒಬ್ಬ ಶಾಲಾ ಹುಡುಗ ತನ್ನ ಅಜ್ಜನನ್ನು, “ಇವೆಲ್ಲಾ ಯಾವ ಲಡಾಯಿಗೆ ತಗೊಂಡ್ ಹೋಗಿದ್ರಜ್ಜಾ?” ಎಂದು ಕೇಳಿದ. ಅಜ್ಜ, “ಲಡಾಯಿ ಏನ್ ಹತ್ತಿಲೋ ತಮ್ಮಾ, ಹಿಂಗ ಇಟ್ಟಾರ” ಅಂದ. ಅಜ್ಜನ ಉತ್ತರ ಪೂರ್ತಿ ತಪ್ಪಲ್ಲ. ಸಾತಾರವನ್ನು ಕಂಪನಿ ನುಂಗಿದ ಮೇಲೆ ಅದರ ಅಡಿಯಲ್ಲಿದ್ದ ಅಕ್ಕಲಕೋಟ ನೇರವಾಗಿ ಬ್ರಿಟಿಷರ ಕೈಕೆಳಗೆ ಬಂತು. ಆಮೇಲೆ ರಾಜರಿಗೆ ಕಾದಾಡುವ ಕೆಲಸ ಉಳಿಯಲಿಲ್ಲ. ಕತ್ತಿ ಕೂಡಿಡುವ ಕೆಲಸ ಉಳಿಯಿತು. ಕಾದಿದ ಸುರಪುರ ಹೋಯಿತು, ಕಾದದ ಅಕ್ಕಲಕೋಟ ಉಳಿಯಿತು. ಯಾರ ಪಾಡು ಮೇಲು ಎಂದು ನನ್ನನ್ನು ಕೇಳಿದರೆ ಉತ್ತರ ಕೊಡಲು ಧೈರ್ಯ ಸಾಲದು.

ಜನ ಅಕ್ಕಲಕೋಟಕ್ಕೆ ಬರುವುದು ಶಸ್ತ್ರಾಗಾರಕ್ಕಲ್ಲ, ಸ್ವಾಮಿ ಸಮರ್ಥರ ದರ್ಶನಕ್ಕೆ. ವಟವೃಕ್ಷದ ಗುಡಿಯ ಮುಂದಿನ ಸಾಲು, ಸಮಾಧಿ ಮಠದ ಸಾಲು, ಅನ್ನಛತ್ರದ ಸಾಲು, ಎಲ್ಲದರಲ್ಲೂ ನಿಂತೆ. ಅನ್ನಛತ್ರದ ಊಟ ರುಚಿಯಾಗಿತ್ತು. ಸ್ವಾಮಿಗಳು ಮಂಗಳವೇಢೆಯ ಕಡೆಯಿಂದ ಇಲ್ಲಿಗೆ ಬಂದದ್ದು 1856–57ರ ಸುಮಾರಿಗೆ. ಬೋರಿಯ ಮೇಲ್ದಂಡೆಯಲ್ಲಿ ಟೇಲರ್ ಇನ್ನೂ ಹೊಲ ಅಳೆಸುತ್ತಿದ್ದ ಕಾಲ. ಒಬ್ಬರಿಗೆ ಊರಿಲ್ಲ, ಕುಲವಿಲ್ಲ, ಹೆತ್ತವರ ಹೆಸರಿಲ್ಲ. ಇನ್ನೊಬ್ಬನಿಗೆ ಮಿಟ್‌ಫರ್ಡ್ ಕೋಟೆಯ ವಂಶಾವಳಿ ಇದೆ, ಅದಕ್ಕೆ ತಕ್ಕ ಆಸ್ತಿ ಇಲ್ಲ. ಇಬ್ಬರೂ ಈ ನೆಲಕ್ಕೆ ಹೊರಗಿನವರು. ಬಂದವರು ಯಾರೆಂದು ಕೇಳದೆ ಇಟ್ಟುಕೊಂಡ ಈ ಸೀಮೆಯ ಜನ ಯಾರನ್ನು ಉಳಿಸಿಕೊಂಡರು ಎಂಬುದಕ್ಕೆ ಆ ಸಾಲುಗಳೇ ಸಾಕ್ಷಿ. ಸ್ವಾಮಿಗಳು ದೇಹ ಬಿಟ್ಟದ್ದು 1878ರಲ್ಲಿ, ಅಕ್ಕಲಕೋಟದಲ್ಲೇ.

ಟೇಲರ್ ಅಷ್ಟರಲ್ಲಿ ಸತ್ತು ಎರಡು ವರ್ಷವಾಗಿತ್ತು. ಬಂಡಾಯದ ನಂತರ ಅವನೇ ಮತ್ತೆ ಸುರಪುರಕ್ಕೆ ಆಡಳಿತಗಾರನಾಗಿ ಬಂದ. ‘ಅಪ್ಪಾ’ ಅನ್ನುವವನು ಇಲ್ಲದ ಸುರಪುರ. 1860ರಲ್ಲಿ ಆರೋಗ್ಯ ಕೆಟ್ಟು ಹಡಗು ಹತ್ತಿದ. ಅದೇ ವರ್ಷದ ಕೊನೆಗೆ ಆದ ಕರಾರಿನಲ್ಲಿ ಬ್ರಿಟಿಷರು ನಳದುರ್ಗ–ಧಾರಾಶಿವ ಸೀಮೆಯನ್ನೂ ರಾಯಚೂರು ದೋಆಬವನ್ನೂ ನಿಜಾಮನಿಗೆ ವಾಪಸು ಕೊಟ್ಟರು. ಬಂಡಾಯದಲ್ಲಿ ಜೊತೆಗೆ ನಿಂತದ್ದಕ್ಕೆ ಇನಾಮಾಗಿ ಸುರಪುರವನ್ನೂ ಕೊಟ್ಟರು. ಅವನು ಅಳೆಸಿದ ಹೊಲ, ಹಾಕಿಸಿದ ರಸ್ತೆ, ಸಾಕಿದ ಹುಡುಗನ ರಾಜ್ಯ, ಎಲ್ಲವೂ ಒಂದು ಕಾಗದದ ಮೇಲೆ ಕೈ ಬದಲಾಯಿತು.

ಡಬ್ಲಿನ್ ಬಳಿಯ ಹೆರಾಲ್ಡ್ಸ್ ಕ್ರಾಸ್‌ನಲ್ಲಿ ಕೂತು ಟೇಲರ್ ಬರೆಯತೊಡಗಿದ. 1863ರ ‘ತಾರಾ’ ಕಾದಂಬರಿಯಲ್ಲಿ ತುಳಜಾಪುರದ ಗುಡಿಯಿದೆ, ವಿಜಾಪುರದ ಬೀದಿಯಿದೆ, ಅಫಜಲಖಾನನ ಕೊನೆಯಿದೆ. ಅದು 1657ರ ಕಥೆ. ಮುಂದಿನ ‘ರಾಲ್ಫ್ ಡಾರ್ನೆಲ್’ 1757ರದು, ‘ಸೀತಾ’ 1857ರದು. ವಿಜಾಪುರದ ವಾಸ್ತುಶಿಲ್ಪದ ಬಗ್ಗೆ ಫರ್ಗುಸನ್ನನ ಜೊತೆ ಸೇರಿ 1866ರಲ್ಲಿ ದೊಡ್ಡ ಗ್ರಂಥ ಹೊರತಂದ. ಚಾಂದಬೀಬಿಯ ಮೇಲಿನ ಕಾದಂಬರಿ ಅವನು ಸತ್ತ ಮೇಲೆ ಬಂತು. ಇವುಗಳನ್ನು ಇಂದು ಕಾದಂಬರಿಗಳೆಂದು ಓದುವುದು ಕಷ್ಟ, ಮಾತು ಬಹಳ ಉದ್ದ. ಅವುಗಳಲ್ಲಿ ಬರುವ ಮಳೆ, ಹೊಲ, ಸಂತೆ, ಗುಡಿಗಳನ್ನು ಮಾತ್ರ ಈ ಕಡೆಯವರು ಓದಿದರೆ ಬೆರಳಿಟ್ಟು ತೋರಿಸಬಹುದು. 1875ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನ ಆಹ್ವಾನದ ಮೇರೆಗೆ, ಕಣ್ಣು ಮಂಜಾಗಿ ಮೈ ಸೋತ ಸ್ಥಿತಿಯಲ್ಲಿ, ಹೈದರಾಬಾದಿಗೆ ಬಂದ. ವಾಪಸು ಹೋಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂತೋನ್‌ನಲ್ಲಿ ಸತ್ತ. ಇಂಗ್ಲೆಂಡೂ ಅಲ್ಲ, ಐರ್ಲೆಂಡೂ ಅಲ್ಲ, ದಖ್ಖನ್ನೂ ಅಲ್ಲ. ಮರುವರ್ಷ ಮಗಳು ಆಲಿಸ್ ಅವನ ಆತ್ಮಕಥೆಯನ್ನು ಸಿದ್ಧಪಡಿಸಿ ಅಚ್ಚು ಹಾಕಿಸಿದಳು.

ಒಳ್ಳೆಯ ಅಧಿಕಾರಿ, ಒಳ್ಳೆಯ ಬರಹಗಾರ, ಸಾಲದ ದೊರೆ. ನನ್ನ ಮಟ್ಟಿಗೆ ಟೇಲರ್ ಇಷ್ಟೇ, ಇದು ಕಡಿಮೆಯೂ ಅಲ್ಲ. ಅವನ ಆತ್ಮಕಥೆ ಓದುವವರು ಸುರಪುರದ ಅಧ್ಯಾಯಗಳನ್ನು ಅವನೊಬ್ಬನ ಮಾತೆಂದು ನೆನಪಿಟ್ಟು ಓದಲಿ. ಇನ್ನು ದರ್ಶನಕ್ಕೆಂದು ಅಕ್ಕಲಕೋಟಕ್ಕೆ ಹೋಗುವ ಕನ್ನಡಿಗರಲ್ಲಿ ಒಂದು ವಿನಂತಿ: ಅನ್ನಛತ್ರದ ಊಟ ಮುಗಿಸಿ ಹಾಗೇ ಊರಿಗೆ ಹೊರಳಬೇಡಿ. ಮಳೆಗಾಲ ಮುಗಿಯುವ ಮೊದಲಾದರೆ ನಳದುರ್ಗದ ಬಸ್ಸು ಹತ್ತಿ. ನರ–ಮಾದಿ ಬೇಸಿಗೆಯಲ್ಲಿ ಬರಿಯ ಕಲ್ಲು.